ಕ್ರೇನ್ ಬ್ರೇಕಿನ ದೋಷ ಲೋಡ್ ಟೆಸ್ಟ್‌ನಲ್ಲಿ ಪತ್ತೆಯಾದ ಬಗೆ

ಶಿವಮೊಗ್ಗದ ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ನಾನು ನೋಡಿಕೊಳ್ಳುವ 10 ಟನ್ ಸಾಮರ್ಥ್ಯದ ಓವರ್‌ಹೆಡ್ ಕ್ರೇನ್, ಮಳೆಗಾಲ ಆರಂಭವಾದ ಮೇಲೆ, ಭಾರವಾದ ಎರಕಗಳನ್ನು ಎತ್ತಿ ನಿಲ್ಲಿಸಿದಾಗ ಒಮ್ಮೊಮ್ಮೆ ತುಸು ಕೆಳಗೆ ಜಾರುತ್ತಿತ್ತು. ಎರಡು ಮೂರು ಟನ್ ಎತ್ತಿದರೆ ಯಾವ ತೊಂದರೆಯೂ ಕಾಣದಿದ್ದುದರಿಂದ, ಪೂರ್ಣ ಭಾರದಲ್ಲಿ ಪರೀಕ್ಷಿಸದೆ ಕಾರಣ ತಿಳಿಯುವಂತಿರಲಿಲ್ಲ. ವೇಬ್ರಿಡ್ಜ್‌ನಲ್ಲಿ ತೂಗಿದ ಕಬ್ಬಿಣದ ಗಟ್ಟಿಗಳನ್ನು ಜೋಡಿಸಿ, ಸುತ್ತ ಹಗ್ಗ ಕಟ್ಟಿ ಜನರನ್ನು ದೂರವಿರಿಸಿ, 10 ಟನ್ ಭಾರವನ್ನು ನೆಲದಿಂದ ಒಂದು ಗೇಣು ಮಾತ್ರ ಎತ್ತಿಸಿದೆ. ಪಕ್ಕದ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಎಳೆದಿದ್ದ ಗೆರೆಯಿಂದ ಭಾರವು ಕಣ್ಣೆದುರೇ ನಿಧಾನವಾಗಿ ಕೆಳಗಿಳಿಯಿತು.

ಬ್ರೇಕ್ ಬಿಚ್ಚಿದಾಗ, ಗೇರ್‌ಬಾಕ್ಸ್‌ನ ಆಯಿಲ್ ಸೀಲ್ ಸವೆದು ಎಣ್ಣೆಯು ಬ್ರೇಕ್ ಡ್ರಮ್‌ಗೆ ಹರಡಿ, ಅದನ್ನು ಒತ್ತಿ ಹಿಡಿಯುವ ಲೈನಿಂಗ್ ಹೊಳೆಯುವಷ್ಟು ನುಣುಪಾಗಿರುವುದು ಕಂಡಿತು. ಮಳೆಯ ತೇವವೇ ಕಾರಣವೆಂಬ ಎಲ್ಲರ ಊಹೆ ಅಲ್ಲಿಗೆ ಮುಗಿಯಿತು. ಸೀಲ್ ಮತ್ತು ಲೈನಿಂಗ್ ಬದಲಿಸಿ, ಡ್ರಮ್ ಶುಚಿಗೊಳಿಸಿ, ಸ್ಪ್ರಿಂಗ್ ಒತ್ತಡ ಸರಿಹೊಂದಿಸಿದ ಬಳಿಕ, ಅರ್ಹ ಪರಿಶೀಲಕರ ಸಮ್ಮುಖದಲ್ಲಿ ಸಾಮರ್ಥ್ಯದ ಶೇ. 125ರಷ್ಟು, ಅಂದರೆ 12.5 ಟನ್ ಭಾರ ತೂಗುಹಾಕಿದೆವು. ಭಾರ ಗೆರೆಯಿಂದ ಕದಲಲಿಲ್ಲ. ಇಳಿಸಿದ ಮೇಲೆ ಕ್ರೇನಿನ ಭಾರ ಹೊರುವ ಅಡ್ಡತೊಲೆ, ಅಂದರೆ ಗರ್ಡರ್ ಕೂಡ ಮೊದಲಿನ ಮಟ್ಟಕ್ಕೆ ಮರಳಿತು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯು 12 ತಿಂಗಳಿಗೊಮ್ಮೆಯಾದರೂ ಸಮಗ್ರ ತಪಾಸಣೆಯನ್ನು ಕಡ್ಡಾಯಗೊಳಿಸಿತ್ತು. ಅಂಥ ತಪಾಸಣೆಯ ಜೊತೆಗೆ, ಬ್ರೇಕ್, ತಂತಿಹಗ್ಗ ಅಥವಾ ಕೊಕ್ಕೆಯ ರಿಪೇರಿಯಾದಾಗಲೆಲ್ಲ ಲೋಡ್ ಟೆಸ್ಟ್ ಮುಗಿಯುವವರೆಗೆ ಕ್ರೇನನ್ನು ಕೆಲಸಕ್ಕೆ ಬಿಡಬಾರದೆಂದು ನಾನೀಗ ಪಟ್ಟು ಹಿಡಿಯುತ್ತೇನೆ.