ಟರ್ಬೊ ಕಾರಿನಲ್ಲಿ ಬೂಸ್ಟ್ ಲೀಕ್ ಹುಡುಕಿದ ಬಗೆ: ನನ್ನ ಅನುಭವ

ನನ್ನ ಪೆಟ್ರೋಲ್ ಟರ್ಬೊ ಕಾರಿನ ಪಿಕಪ್ ಬಿದ್ದುಹೋಗಿತ್ತು. ಐಡಲ್‌ನಲ್ಲಿ ಎಂಜಿನ್ ಚೆನ್ನಾಗೇ ಓಡುತ್ತಿತ್ತು. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಮಾತ್ರ ಬಾನೆಟ್ ಕೆಳಗಿನಿಂದ ಬುಸ್ ಅನ್ನುವ ಸದ್ದು. ಸ್ಕ್ಯಾನರ್ ಹಾಕಿದರೆ ಪಿ0299 ಕೋಡ್, ಅಂದ್ರೆ ಬೂಸ್ಟ್ (ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ) ಸಾಲುತ್ತಿಲ್ಲ. ಇದನ್ನು ಕಂಡ ಕೂಡಲೇ ಟರ್ಬೊ ಹೋಯಿತು ಅನ್ನುವವರೇ ಜಾಸ್ತಿ. ಆದರೆ ಟರ್ಬೊ ತಳ್ಳಿದ ಗಾಳಿ ಎಂಜಿನ್ ಸೇರುವ ಮೊದಲು ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸುವ ಭಾಗ), ಹೋಸ್‌ಗಳು, ಕ್ಲಾಂಪ್‌ಗಳನ್ನೆಲ್ಲ ದಾಟಬೇಕು. ಅವುಗಳಲ್ಲಿ ಒಂದು ಸೋರಿದರೂ ಇದೇ ಕೋಡ್ ಬರಬಹುದು. ಅದಕ್ಕೇ ಮೊದಲು ಗಾಳಿ ತುಂಬಿ ನೋಡುವುದು ನನ್ನ ಕ್ರಮ.

ಟೆಸ್ಟರ್ ನಾನೇ ಮಾಡಿಕೊಂಡೆ. ಟರ್ಬೊದ ಇನ್ಲೆಟ್ ಪೈಪಿಗೆ ಹೊಂದುವ ಪಿವಿಸಿ ಕ್ಯಾಪ್, ಅದಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್, ಜೊತೆಗೆ ರೆಗ್ಯುಲೇಟರ್ ಇರುವ ಕಂಪ್ರೆಸರ್. ಅಷ್ಟೇ. ಏರ್‌ಫ್ಲೋ ಸೆನ್ಸರ್ ಕಳಚಿ ಪಕ್ಕಕ್ಕಿಟ್ಟು, ಅದರಿಂದ ಆಚೆಗೆ ಕ್ಯಾಪ್ ಕೂರಿಸಿ ಕ್ಲಾಂಪ್ ಬಿಗಿದೆ. ಎಂಜಿನ್ ಒಳಗಿನ ಆವಿ ಹೊತ್ತು ಇನ್ಲೆಟ್ ಪೈಪಿಗೆ ಬಂದು ಸೇರುವ ಬ್ರೀದರ್ ಹೋಸ್ ಬಿಚ್ಚಿ ಆ ಬಾಯಿಗೆ ಬಿರಡೆ ಹಾಕಿದೆ. ಹಾಗೆ ಮಾಡದಿದ್ದರೆ ಗಾಳಿ ನೇರ ಕ್ರ್ಯಾಂಕ್‌ಕೇಸಿಗೆ (ಕ್ರ್ಯಾಂಕ್ ತಿರುಗುವ ಎಂಜಿನ್ನಿನ ಕೆಳಭಾಗ) ನುಗ್ಗಿ ಆಯಿಲ್ ಸೀಲ್‌ಗಳನ್ನು ತಳ್ಳುತ್ತದೆ. ಒಳಗೆ ಸೇರಿದ ಗಾಳಿ ಆಚೆ ಹೋಗಲಿ ಅಂತ ಆಯಿಲ್ ಫಿಲ್ಲರ್ ಮುಚ್ಚಳವನ್ನೂ ತೆಗೆದಿಟ್ಟೆ.

ಎಂಜಿನ್ ತಣ್ಣಗಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು. ನಾನು 5 ಪಿಎಸ್‌ಐನಿಂದ ಶುರು ಮಾಡಿ ನಿಧಾನವಾಗಿ 15ರವರೆಗೆ ಏರಿಸಿದೆ. ಕಾರು ಮಾಮೂಲಿಯಾಗಿ ಓಡುವ ಬೂಸ್ಟ್ ಎಷ್ಟೋ ಅದನ್ನು ಮೀರಿ ಹೋಗುವ ಅಗತ್ಯವಿಲ್ಲ. ಕ್ಯಾಪ್‌ಗೆ ಎದುರಾಗಿ ಮಾತ್ರ ನಿಲ್ಲಬೇಡಿ, ಕಳಚಿಕೊಂಡರೆ ಮುಖಕ್ಕೇ ಹಾರುತ್ತದೆ.

ಈಗ ಶುರುವಾಗುವುದು ಕಿವಿಯ ಕೆಲಸ. ಬುಸ್ ಅಂದದ್ದೆಲ್ಲ ಲೀಕ್ ಅಲ್ಲ. ಯಾವುದಾದರೂ ಸಿಲಿಂಡರಿನಲ್ಲಿ ಇನ್ಲೆಟ್, ಎಕ್ಸಾಸ್ಟ್ ಎರಡೂ ವಾಲ್ವ್ ಒಟ್ಟಿಗೆ ತೆರೆದು ನಿಂತಿದ್ದರೆ ಗಾಳಿ ಸೈಲೆನ್ಸರ್‌ನಿಂದ ಆಚೆ ಹೋಗುತ್ತದೆ. ನನಗೂ ಹಾಗೇ ಆಯಿತು. ಗಾಳಿ ಪೂರ್ತಿ ಇಳಿಸಿ, ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ಸ್ವಲ್ಪ ತಿರುಗಿಸಿದ ಮೇಲೆ ಆ ಸದ್ದು ನಿಂತಿತು. ಆಯಿಲ್ ಫಿಲ್ಲರ್ ಬಾಯಲ್ಲಿ ಸಣ್ಣ ಉಸಿರಾಟ ಕೇಳಿದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಟರ್ಬೊದ ಸೀಲ್ ದಾಟಿ, ಪಿಸ್ಟನ್ ರಿಂಗ್ ದಾಟಿ ಅಷ್ಟು ಬಂದೇ ಬರುತ್ತದೆ. ಜೋರಾಗಿ ಬಂದರೆ ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸಿನ ಆವಿಯನ್ನು ಇನ್ಲೆಟ್ ಕಡೆ ಬಿಡುವ ವಾಲ್ವ್) ಮೇಲೆ ಅನುಮಾನ ಪಡಬೇಕು.

ಆಮೇಲೆ ಸೋಪಿನ ನೀರು. ಥ್ರಾಟಲ್ ಬಾಡಿ, ಇಂಜೆಕ್ಟರ್ ಬುಡ, ಡೈವರ್ಟರ್ ವಾಲ್ವ್ (ಆಕ್ಸಿಲರೇಟರ್ ಬಿಟ್ಟಾಗ ಉಳಿದ ಬೂಸ್ಟ್ ಇಳಿಸುವುದು), ಬ್ರೇಕ್ ಬೂಸ್ಟರ್ ಹೋಸ್, ಎಲ್ಲದಕ್ಕೂ ಸ್ಪ್ರೇ ಮಾಡಿದೆ. ಎಲ್ಲೂ ಗುಳ್ಳೆ ಇಲ್ಲ. ಇಂಟರ್‌ಕೂಲರ್‌ನ ಔಟ್‌ಲೆಟ್ ಹೋಸ್ ಕೂಡ ಮೇಲಿನಿಂದ ನೋಡಿದರೆ ಹೊಸದರಂತಿತ್ತು. ಕೆಳಗೆ ಕೈಹಾಕಿ ಸವರಿದರೆ ಜಿಡ್ಡು ಜಿಡ್ಡು ಧೂಳು. ಕಾರಿನಡಿ ಮಲಗಿ ಅಲ್ಲಿಗೆ ಸೋಪು ನೀರು ಹೊಡೆದೆ. ಕ್ಲಾಂಪಿನ ಅಂಚಿಗೇ ಉಗುರಿನಷ್ಟು ಉದ್ದದ ಸೀಳು. 5 ಪಿಎಸ್‌ಐನಲ್ಲಿ ಮುಚ್ಚಿಕೊಂಡೇ ಇತ್ತು, 12 ದಾಟಿದಾಗ ಬಾಯಿ ತೆರೆದು ನೊರೆ ಉಗುಳಿತು. ಐಡಲ್‌ನಲ್ಲಿ ಈ ಹೋಸಿನೊಳಗೆ ಒತ್ತಡವೇ ಇರುವುದಿಲ್ಲ, ಅಲ್ವಾ? ಸದ್ದು ಬರೀ ಓಡಿಸುವಾಗ ಕೇಳುತ್ತಿದ್ದುದು ಅದಕ್ಕೇ.

ಒಂದು ಲೀಕ್ ಸಿಕ್ಕಿತು ಅಂತ ಅಲ್ಲಿಗೇ ಕಂಪ್ರೆಸರ್ ಎತ್ತಿಡಬಾರದು. ದೊಡ್ಡದರ ಸದ್ದಿನಲ್ಲಿ ಸಣ್ಣದು ಕೇಳಿಸುವುದೇ ಇಲ್ಲ. ಪೈಪಿನ ಬಾಯಿಯ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ ಒಣಗಿಸಿ (ಜಿಡ್ಡಿದ್ದರೆ ಹೋಸ್ ಜಾರಿ ಕಳಚುತ್ತದೆ) ಹೊಸ ಹೋಸ್, ಟಿ-ಬೋಲ್ಟ್ ಕ್ಲಾಂಪ್ ಹಾಕಿ ಮತ್ತೆ ಗಾಳಿ ತುಂಬಿದೆ. ಆಗ ಒಂದು ತೆಳ್ಳಗಿನ ವ್ಯಾಕ್ಯೂಮ್ ಹೋಸಿನ ತುದಿಯೂ ಗುಳ್ಳೆ ಬಿಟ್ಟಿತು. ಬಿರುಕು ಬಿಟ್ಟ ತುದಿ ಕತ್ತರಿಸಿ ಮತ್ತೆ ಸಿಕ್ಕಿಸಿದೆ. ಕೋಡ್ ಅಳಿಸಿ, ಸ್ಕ್ಯಾನರ್ ಹಾಕಿಕೊಂಡೇ ಏರು ರಸ್ತೆಯಲ್ಲಿ ಓಡಿಸಿದಾಗ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕೇಳಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್ ಹೆಚ್ಚುಕಮ್ಮಿ ಒಂದೇ ಆಗಿತ್ತು.