ಬೆಳಿಗ್ಗೆ ಹಾಕಿದ ಧಾರಣೆ ಎಲ್ಲಿ ಹೋಯಿತು? ಸೆಷನ್ ವೇರಿಯಬಲ್ ಬಳಸುವ ಕ್ರಮ

ಅಡಿಕೆ ಸುಗ್ಗಿಯಲ್ಲಿ ತೀರ್ಥಹಳ್ಳಿ ಕಡೆಯ ಒಂದು ಮಂಡಿಗೆ ಲೆಕ್ಕದ ಕೆಲಸದಲ್ಲಿ ಕೈಜೋಡಿಸಲು ಹೋಗಿದ್ದೆ. ಅಲ್ಲಿನ ಹುಡುಗ ಬೆಳಿಗ್ಗೆ ಬಂದವನೇ ಅವತ್ತಿನ ರಾಶಿ (ಅಡಿಕೆಯ ಒಂದು ಬಗೆ) ಧಾರಣೆಯನ್ನು ಡೇಟಾಬೇಸಿನಲ್ಲಿ ಬೆಲೆಯೊಂದನ್ನು ಹೆಸರಿಟ್ಟು ತಾತ್ಕಾಲಿಕವಾಗಿ ಇಡುವ ಒಂದು ವೇರಿಯಬಲ್‌ಗೆ ಹಾಕಿದ. ಒಂದಷ್ಟು ಬಿಲ್ ಸರಿಯಾಗಿಯೇ ಬಂದವು. ನಡುವೆ ಕರೆಂಟ್ ಹೋಯಿತು. ಸರ್ವರ್ ಇದ್ದ ಕಂಪ್ಯೂಟರ್ ಆಫ್ ಆಗಿ, ಸ್ವಲ್ಪ ಹೊತ್ತಿಗೆ ಮತ್ತೆ ಆನ್ ಆಯಿತು. ಹುಡುಗನ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತಲೇ ಇತ್ತು. ಅವನ ಕಣ್ಣಿಗೆ ಏನೂ ಬದಲಾಗಿರಲಿಲ್ಲ. ಆಮೇಲೆ ತೆಗೆದ ಪಟ್ಟಿಯಲ್ಲಿ ರೈತರ ಹೆಸರಿದೆ, ತೂಕವಿದೆ, ಹಣದ ಕಾಲಂನಲ್ಲಿ ಮಾತ್ರ ಸಾಲಾಗಿ ನಲ್, ನಲ್, ನಲ್ (ಬೆಲೆಯೇ ಇಲ್ಲ ಅನ್ನುವ ಗುರುತು). ಅವನ ಕಣ್ಣಿಗೆ ಬಿದ್ದ ಎರರ್ ಒಂದೂ ಇಲ್ಲ. ಹೊರಗೆ ಬೆಂಚಿನ ಮೇಲೆ ಹಣಕ್ಕೆ ಕಾದವರು ಕೂತಿದ್ದಾರೆ.

ಇಂಥದ್ದನ್ನೇ ಶಿವಮೊಗ್ಗದಲ್ಲಿ, ಸಾಗರದಲ್ಲಿ ಡೇಟಾಬೇಸ್ ಕಲಿಯುವ ಎಷ್ಟೋ ಮಕ್ಕಳ ಕೈಯಲ್ಲಿ ನೋಡಿದ್ದೇನೆ. ಕಮಾಂಡ್ ಎಲ್ಲರಿಗೂ ಬರುತ್ತದೆ. ಆ ವೇರಿಯಬಲ್ ಯಾರದ್ದು, ಎಷ್ಟು ಹೊತ್ತು ಬದುಕಿರುತ್ತದೆ ಅನ್ನುವುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಮಂಡಿಗಳಲ್ಲಿ, ಸೊಸೈಟಿಗಳಲ್ಲಿ ಹೆಚ್ಚು ಕಾಣುವ ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ಅನ್ನುವ ಡೇಟಾಬೇಸ್‌ಗಳನ್ನು ಹಿಡಿದು ಹೇಳುತ್ತೇನೆ. ಕಮಾಂಡ್‌ಗಳನ್ನು ಓದಲಿಕ್ಕೆ ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ.

ಹಂತ 1: ವೇರಿಯಬಲ್ ಇಡುವುದು

ಸೆಟ್ @ರಾಶಿ_ಧಾರಣೆ = 48000;

ಸೆಲೆಕ್ಟ್ ರೈತ, ಕೆಜಿ, ಕೆಜಿ / 100 * @ರಾಶಿ_ಧಾರಣೆ ಫ್ರಮ್ ತೂಕ ವೇರ್ ಬಗೆ = 'ರಾಶಿ';

ಇಷ್ಟೇ. 48000 ಅನ್ನುವುದು ಉದಾಹರಣೆಯ ಅಂಕಿ. ಧಾರಣೆ ಕ್ವಿಂಟಾಲ್ ಲೆಕ್ಕದ್ದು, ಅದಕ್ಕೇ 100ರಿಂದ ಭಾಗಿಸಿದ್ದೇವೆ. ಹೆಸರು 64 ಅಕ್ಷರದವರೆಗೆ ಇರಬಹುದು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಹೆಸರನ್ನು ಪೂರ್ತಿಯಾಗಿ ಇಡಿ. @ಎ, @ಬಿ ಅಂತ ಇಟ್ಟುಕೊಂಡರೆ ರಾಶಿ, ಬೆಟ್ಟೆ, ಸರಕು, ಗೊರಬಲು ನಾಲ್ಕೂ ಬಂದ ದಿನ ಒಂದರ ಧಾರಣೆ ಇನ್ನೊಂದಕ್ಕೆ ಬೀಳುವುದು ಖಂಡಿತ.

ಹಂತ 2: ನೀವು ಅದೇ ಸೆಷನ್‌ನಲ್ಲಿ ಇದ್ದೀರಾ ಅಂತ ನೋಡುವುದು

ಜನ ಎಡವುವುದು ಇಲ್ಲಿಯೇ. ನಿಧಾನವಾಗಿ ಓದಿ.

ಸೆಷನ್ ಅಂದರೆ ನಿಮಗೂ ಸರ್ವರ್‌ಗೂ ನಡುವಿನ ಒಂದು ಕನೆಕ್ಷನ್. @ ಹಾಕಿ ಇಟ್ಟ ವೇರಿಯಬಲ್ ಆ ಕನೆಕ್ಷನ್‌ನದ್ದು. ಅದು ನಿಮ್ಮ ಲಾಗಿನ್‌ಗೆ ಸೇರಿದ್ದಲ್ಲ, ಟೇಬಲ್‌ಗೂ ಅಲ್ಲ, ಎದುರಿಗಿರುವ ವಿಂಡೋಗೂ ಅಲ್ಲ. ಪಕ್ಕದ ಕೌಂಟರ್‌ನವರು ಅದೇ ಯೂಸರ್ ಹೆಸರು, ಅದೇ ಪಾಸ್‌ವರ್ಡ್ ಹಾಕಿ ಒಳಗೆ ಬಂದರೂ ನಿಮ್ಮ @ರಾಶಿ_ಧಾರಣೆ ಅವರಿಗೆ ಕಾಣುವುದಿಲ್ಲ. ಕನೆಕ್ಷನ್ ಕಡಿದ ಕ್ಷಣ ವೇರಿಯಬಲ್ ಹೋಯಿತು. ಅದು ಡಿಸ್ಕಿನಲ್ಲಿ ಎಲ್ಲೂ ಉಳಿದಿರುವುದಿಲ್ಲ.

ಕನೆಕ್ಷನ್ ಕಡಿದದ್ದು ಗೊತ್ತಾದರೆ ಸಮಸ್ಯೆ ಇರುತ್ತಿರಲಿಲ್ಲ. ಗೊತ್ತಾಗುವುದಿಲ್ಲ, ಅದೇ ತೊಂದರೆ. ಮೈಎಸ್‌ಕ್ಯೂಎಲ್ ಜೊತೆ ಬರುವ ಕಪ್ಪು ಪರದೆಯ ಕ್ಲೈಂಟ್ (ಸರ್ವರ್ ಜೊತೆ ಮಾತಾಡುವ ಪ್ರೋಗ್ರಾಂ) ಸಂಪರ್ಕ ತಪ್ಪಿದರೆ ತಾನಾಗಿಯೇ ಒಂದು ಸಲ ಮತ್ತೆ ಜೋಡಿಸಿಕೊಂಡು, ನೀವು ಕೊಟ್ಟ ಕಮಾಂಡನ್ನು ಪುನಃ ಕಳಿಸುತ್ತದೆ. ಉತ್ತರ ಬರುತ್ತದೆ. ಆದರೆ ಆ ಉತ್ತರ ಬಂದದ್ದು ಹೊಸ ಸೆಷನ್‌ನಿಂದ. ಹಳೆಯದರ ವೇರಿಯಬಲ್‌ಗಳು, ತಾತ್ಕಾಲಿಕ ಟೇಬಲ್‌ಗಳು ಎಲ್ಲ ಹೋಗಿರುತ್ತವೆ. ಮಂಡಿಯ ಹುಡುಗನಿಗೆ ಆಗಿದ್ದು ಇದೇ. ಮತ್ತೆ ಜೋಡಿಸಿಕೊಂಡಾಗ ಪರದೆಯ ಮೇಲೆ ಸೂಚನೆ ಬಂದಿತ್ತು, ಪಟ್ಟಿಯ ರಾಶಿಯಲ್ಲಿ ಅದು ಮೇಲಕ್ಕೆ ಸರಿದುಹೋಗಿತ್ತು. ನನ್ನ ಸಲಹೆ: ಹಣದ ಲೆಕ್ಕ ಮಾಡುವ ಕಂಪ್ಯೂಟರಿನಲ್ಲಿ ಆ ಕ್ಲೈಂಟನ್ನು 'ಸ್ಕಿಪ್ ರಿಕನೆಕ್ಟ್' ಆಯ್ಕೆ ಕೊಟ್ಟೇ ತೆರೆಯಿರಿ. ಕಡಿದರೆ ಎರರ್ ಬರಲಿ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ನಮ್ಮ ಕಡೆ ಆ ಎರರ್ ದೊಡ್ಡ ಉಪಕಾರ.

ಕರೆಂಟ್ ಹೋಗದಿದ್ದರೂ ಕನೆಕ್ಷನ್ ಕಡಿಯುತ್ತದೆ. ಸುಮ್ನೆ ಬಿಟ್ಟ ಕನೆಕ್ಷನ್ನನ್ನು ಸರ್ವರ್ ಒಂದು ಅವಧಿ ನೋಡಿ ಮುಚ್ಚುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಆ ಅವಧಿ 28,800 ಸೆಕೆಂಡ್, ಅಂದರೆ 8 ಗಂಟೆ. ಸಂಜೆ ಬಾಗಿಲು ಹಾಕುವಾಗ ತೆರೆದಿಟ್ಟ ವಿಂಡೋದಲ್ಲಿ ಮಾರನೇ ಬೆಳಿಗ್ಗೆ ನಿನ್ನೆಯ ಧಾರಣೆ ಇರುವುದಿಲ್ಲ.

ಇನ್ನು ಪಿಎಚ್‌ಪಿಮೈಅಡ್ಮಿನ್ ಬಳಸುವವರು. ಅದು ಬ್ರೌಸರಿನಲ್ಲಿ ನಡೆಯುವ ಡೇಟಾಬೇಸ್ ಟೂಲ್, ಸಾಮಾನ್ಯವಾಗಿ ಪ್ರತಿ ಸಲ ಬಟನ್ ಒತ್ತಿದಾಗಲೂ ಹೊಸ ಕನೆಕ್ಷನ್ ತೆರೆದು, ಕೆಲಸ ಮುಗಿಸಿ ಮುಚ್ಚುತ್ತದೆ. ಮೊದಲು ಸೆಟ್ ಒತ್ತಿ, ಆಮೇಲೆ ಸೆಲೆಕ್ಟ್ ಒತ್ತಿದರೆ ಅವೆರಡೂ ಬೇರೆ ಬೇರೆ ಸೆಷನ್. 'ಸಾರ್, ಸೆಟ್ ಆಯ್ತು ಅಂತ ಹಸಿರು ಬಣ್ಣದಲ್ಲಿ ತೋರಿಸಿತಲ್ಲ' ಅಂತ ಮಕ್ಕಳು ಕೇಳುತ್ತಾರೆ. ಆಗಿದ್ದು ನಿಜ, ಮರುಕ್ಷಣ ಹೋಗಿದ್ದೂ ನಿಜ. ಎರಡೂ ಕಮಾಂಡನ್ನು ಒಂದೇ ಪೆಟ್ಟಿಗೆಯಲ್ಲಿ, ನಡುವೆ ಸೆಮಿಕೋಲನ್ ಹಾಕಿ, ಒಟ್ಟಿಗೆ ಓಡಿಸಿ. ಬೇರೆ ಟೂಲ್‌ಗಳಲ್ಲೂ ಕೆಲವು ಪ್ರತಿ ಟ್ಯಾಬ್‌ಗೆ ಒಂದೊಂದು ಕನೆಕ್ಷನ್ ತೆರೆಯುತ್ತವೆ. ಯಾವುದನ್ನೇ ಕೊಳ್ಳುವ ಮೊದಲು ಈ ಕೆಳಗಿನ ಪರೀಕ್ಷೆ ಮಾಡಿ. ಸೆಷನ್ ಉಳಿಸದ ಟೂಲ್‌ಗೆ ದುಡ್ಡು ಕೊಡಬೇಡಿ.

ಸೆಲೆಕ್ಟ್ ಕನೆಕ್ಷನ್_ಐಡಿ(), @ರಾಶಿ_ಧಾರಣೆ;

ಒಂದು ಸಂಖ್ಯೆ ಬರುತ್ತದೆ, ಪಕ್ಕದಲ್ಲಿ ಧಾರಣೆ. ಸ್ವಲ್ಪ ಹೊತ್ತು ಬಿಟ್ಟು ಇದನ್ನೇ ಮತ್ತೆ ಓಡಿಸಿ. ಸಂಖ್ಯೆ ಬದಲಾಗಿದ್ದರೆ ಸೆಷನ್ ಬದಲಾಗಿದೆ. ಬಿಲ್ ತೆಗೆಯುವ ಮೊದಲು ಇದೊಂದು ಸಾಲು ಓಡಿಸುವ ಅಭ್ಯಾಸ ಮಾಡಿಕೊಂಡರೆ ಮುಕ್ಕಾಲು ಪಾಲು ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಹಂತ 3: ನಲ್ ಬಂದರೆ ಮುಚ್ಚಿಡಬೇಡಿ

ಸೆಟ್ ಮಾಡದ ವೇರಿಯಬಲ್ ಕೇಳಿದರೆ ಡೇಟಾಬೇಸ್ ಬೈಯುವುದಿಲ್ಲ, ನಲ್ ಕೊಡುತ್ತದೆ. @ರಾಶಿ_ಧಾರಣೆ ಅನ್ನುವ ಕಡೆ ಕೈತಪ್ಪಿ @ರಾಶಿ_ದಾರಣೆ ಅಂತ ಹೊಡೆದರೂ ನಲ್. ನಲ್‌ನಿಂದ ಗುಣಿಸಿದ್ದೆಲ್ಲ ನಲ್. ಪರದೆ ಮೇಲೆ ಅದು ಕೆಟ್ಟದಾಗಿ ಕಾಣುತ್ತದೆ ಅಂತ ಕೆಲವರು ಇಫ್‌ನಲ್ ಹಾಕಿ ಸೊನ್ನೆ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಲ್ ಇದ್ದರೆ ಯಾರಾದರೂ ಕೇಳುತ್ತಾರೆ. ಸೊನ್ನೆ ರೂಪಾಯಿ ಬಿಲ್ ಒಮ್ಮೆ ಟೇಬಲ್‌ಗೆ ಸೇರಿದರೆ ವರ್ಷದ ಲೆಕ್ಕದಲ್ಲಿ ಹುಡುಕುವುದು ತುಂಬಾ ಕಷ್ಟ. ಹಣದ ಕಾಲಂಗೆ 'ನಾಟ್ ನಲ್' ಹಾಕಿ (ನಲ್ ಒಳಗೆ ಬರದಂತೆ ತಡೆಯುವ ನಿಯಮ), ಸರ್ವರನ್ನು ತಪ್ಪು ಬೆಲೆಗೆ ಎರರ್ ಕೊಡುವ ಸ್ಟ್ರಿಕ್ಟ್ ಮೋಡ್‌ನಲ್ಲೇ ಇಡಿ. ಸ್ಟ್ರಿಕ್ಟ್ ಮೋಡ್ ತೆಗೆದಿದ್ದರೆ, ಒಂದೇ ಸಲಕ್ಕೆ ತುಂಬಾ ಸಾಲು ಸೇರಿಸುವಾಗ ಆ ನಲ್ ಬರೀ ವಾರ್ನಿಂಗ್ ಕೊಟ್ಟು ಸೊನ್ನೆಯಾಗಿಬಿಡುತ್ತದೆ.

ಹಂತ 4: ವೆಬ್ ಸಾಫ್ಟ್‌ವೇರ್ ಇದ್ದರೆ

ಇಲ್ಲಿ ತೊಂದರೆ ತಿರುಗುಮುರುಗು. ವೇರಿಯಬಲ್ ಹೋಗುವ ಬದಲು, ಹೋಗಬೇಕಾದದ್ದು ಹೋಗದೆ ಉಳಿಯುತ್ತದೆ. ವೆಬ್ ಸಾಫ್ಟ್‌ವೇರ್ ಎಷ್ಟೋ ಕಡೆ ಪ್ರತಿಯೊಬ್ಬರಿಗೂ ಹೊಸ ಕನೆಕ್ಷನ್ ತೆರೆಯುತ್ತಾ ಕೂರುವುದಿಲ್ಲ. ಹತ್ತೋ ಇಪ್ಪತ್ತೋ ಕನೆಕ್ಷನ್ ತೆರೆದಿಟ್ಟುಕೊಂಡು, ಬಂದವರಿಗೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ಪಡೆಯುತ್ತದೆ. ಇದಕ್ಕೆ ಪೂಲ್ ಅನ್ನುತ್ತಾರೆ. ನಡುವೆ ಕನೆಕ್ಷನ್ನನ್ನು ರೀಸೆಟ್ ಮಾಡದಿದ್ದರೆ ಮೊದಲಿನವರು ಇಟ್ಟ ವೇರಿಯಬಲ್ ಮುಂದಿನವರ ಕೈಗೆ ಹಾಗೇ ಸಿಗುತ್ತದೆ.

ಸೆಷನ್ ವೇರಿಯಬಲ್‌ನ ಒಳ್ಳೆಯ ಉಪಯೋಗವೊಂದು ಈ ಕಾರಣಕ್ಕೇ ಕೆಡುತ್ತದೆ. ತೂಕದ ಚೀಟಿಯನ್ನು ಯಾರು ತಿದ್ದಿದರು ಅಂತ ದಾಖಲೆ ಇಡಬೇಕು. ಸಾಫ್ಟ್‌ವೇರ್‌ಗೆ ಡೇಟಾಬೇಸ್ ಯೂಸರ್ ಒಬ್ಬನೇ, ಕೌಂಟರ್‌ನಲ್ಲಿ ಕೂತವರು ಐದು ಜನ. ಆಗ ಕೆಲಸದ ಶುರುವಿಗೆ @ಯಾರು ಅನ್ನುವುದರಲ್ಲಿ ಅವರ ಹೆಸರು ಇಟ್ಟು, ಟ್ರಿಗರ್ (ಟೇಬಲ್ ತಿದ್ದಿದಾಗ ತಾನಾಗಿಯೇ ನಡೆಯುವ ಕೋಡ್) ಅದನ್ನು ಓದಿ ದಾಖಲೆ ಟೇಬಲ್‌ಗೆ ಬರೆಯುವಂತೆ ಮಾಡಬಹುದು. ಟ್ರಿಗರ್ ಅದೇ ಸೆಷನ್‌ನಲ್ಲಿ ನಡೆಯುವುದರಿಂದ ಅದಕ್ಕೆ ವೇರಿಯಬಲ್ ಸಿಗುತ್ತದೆ. ಆದರೆ ಒಂದು ಪೇಜ್‌ನಲ್ಲಿ @ಯಾರು ಸೆಟ್ ಮಾಡುವುದನ್ನು ಮರೆತರೆ ಹಿಂದಿನವರ ಹೆಸರು ದಾಖಲೆಗೆ ಹೋಗುತ್ತದೆ. ತಿದ್ದಿದ್ದು ಒಬ್ಬರು, ಬೈಗುಳ ತಿಂದದ್ದು ಇನ್ನೊಬ್ಬರು. ಒಂದು ಕಡೆ ಇದನ್ನು ಕಣ್ಣಾರೆ ಕಂಡಿದ್ದೇನೆ. ಆ ಹುಡುಗಿ ಅತ್ತುಬಿಟ್ಟಿದ್ದಳು.

ಹಾಗಾಗಿ ಎರಡು ಕೆಲಸ ತಪ್ಪದೇ ಮಾಡಿ. ಕನೆಕ್ಷನ್ ಕೈಗೆ ಬಂದ ತಕ್ಷಣ, ಯಾವ ಷರತ್ತೂ ಇಲ್ಲದೆ, @ಯಾರು ಸೆಟ್ ಮಾಡಿ. ವಾಪಸ್ ಕೊಡುವ ಮೊದಲು ಅದನ್ನು ನಲ್ ಮಾಡಿ. ಟ್ರಿಗರ್ ಒಳಗೆ @ಯಾರು ನಲ್ ಇದ್ದರೆ 'ಸಿಗ್ನಲ್ ಎಸ್‌ಕ್ಯೂಎಲ್‌ಸ್ಟೇಟ್ "45000"' ಕೊಟ್ಟು ತಿದ್ದುಪಡಿಯನ್ನೇ ತಡೆಯಿರಿ. ರೋಲ್‌ಬ್ಯಾಕ್ (ಮಾಡಿದ ತಿದ್ದುಪಡಿ ರದ್ದು) ಮಾಡಿದರೆ ವೇರಿಯಬಲ್ ಹಿಂದಕ್ಕೆ ಹೋಗುತ್ತದೆ ಅಂತ ನಂಬಬೇಡಿ. ಟೇಬಲ್ ಹಿಂದಕ್ಕೆ ಹೋಗುತ್ತದೆ, @ ವೇರಿಯಬಲ್ ಹೋಗುವುದಿಲ್ಲ.

ಹಂತ 5: ಎರಡು @ ಇರುವವು

@@ ಅಂತ ಶುರುವಾಗುವವು ಸರ್ವರ್‌ನ ಸ್ವಂತ ಸೆಟ್ಟಿಂಗ್‌ಗಳು. ಅವುಗಳಲ್ಲಿ ಹಲವಕ್ಕೆ ಸೆಷನ್ ಬೆಲೆ, ಗ್ಲೋಬಲ್ ಬೆಲೆ ಅಂತ ಎರಡು ಇರುತ್ತವೆ. ಅಂಥವುಗಳ ಗ್ಲೋಬಲ್ ಬದಲಿಸಿದರೆ ಈಗಾಗಲೇ ತೆರೆದಿರುವ ಸೆಷನ್‌ಗಳಿಗೆ ತಾಗುವುದಿಲ್ಲ, ಬದಲಿಸಿದ ನಿಮ್ಮದಕ್ಕೂ ಇಲ್ಲ. ನಮ್ಮ ಕಡೆಯವರಿಗೆ ಇಲ್ಲಿ ಎರಡು ಸಾಲು ಸಾಕು. 'ಸೆಟ್ ನೇಮ್ಸ್ ಯುಟಿಎಫ್8ಎಂಬಿ4' ಹಾಕದಿದ್ದರೆ ಕೆಲವು ಹಳೆಯ ಸೆಟ್ಟಿಂಗ್‌ಗಳಲ್ಲಿ ಕನ್ನಡದ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಸೇರುತ್ತವೆ, ಆಮೇಲೆ ಅವನ್ನು ವಾಪಸ್ ತರಲು ಆಗುವುದಿಲ್ಲ. 'ಸೆಟ್ ಟೈಮ್_ಝೋನ್ = +05:30' ಹಾಕಿದರೆ ಬಿಲ್‌ನ ಸಮಯ ನಮ್ಮ ಗಡಿಯಾರಕ್ಕೆ ಸರಿಹೊಂದುತ್ತದೆ. +05:30 ಅನ್ನುವುದನ್ನು ಕೋಟ್ ಒಳಗೆ ಹಾಕಿ.

ಬಿಡಬೇಕಾದ ಹಳೆಯ ಚಾಳಿ

ಮಲೆನಾಡಿನಲ್ಲಿ ತೋಟ ಇದ್ದವರಿಗೆ ದಿನದ ಮಳೆ ಬರೆದಿಡುವ ರೂಢಿ ಇದೆ. ಇವತ್ತಿನವರೆಗೆ ಒಟ್ಟು ಎಷ್ಟು ಬಂತು ಅನ್ನುವುದು ಬೇಕು. ಹಿಂದೆ ಇದಕ್ಕೆ ಸೆಲೆಕ್ಟ್ ಒಳಗೇ @ಒಟ್ಟು := @ಒಟ್ಟು + ಮಳೆ ಅಂತ ಬರೆಯುತ್ತಿದ್ದೆವು. ನಾನೂ ಎಷ್ಟೋ ವರ್ಷ ಬರೆದಿದ್ದೇನೆ. ಯಾವ ಭಾಗವನ್ನು ಮೊದಲು ಲೆಕ್ಕ ಮಾಡಬೇಕು ಅನ್ನುವುದಕ್ಕೆ ಅಲ್ಲಿ ಖಾತರಿ ಇಲ್ಲ, ಆರ್ಡರ್ ಬೈ ಸೇರಿದಾಗ ಒಟ್ಟು ಅಡ್ಡಾದಿಡ್ಡಿ ಬರಬಹುದು. ಮೈಎಸ್‌ಕ್ಯೂಎಲ್ 8.0.13ರಿಂದ ಸೆಲೆಕ್ಟ್ ಒಳಗೆ ಹೀಗೆ ಬೆಲೆ ಕೊಡುವುದನ್ನು ಕೈಬಿಡಬೇಕಾದ ಪದ್ಧತಿ ಅಂತಲೇ ಗುರುತಿಸಿದ್ದಾರೆ. ಈಗ ವಿಂಡೋ ಫಂಕ್ಷನ್ (ಸಾಲು ಸಾಲಿಗೂ ಒಟ್ಟು ಲೆಕ್ಕ ಹಾಕಿಕೊಡುವ ಸೌಲಭ್ಯ) ಇದೆ, ಅದನ್ನೇ ಬಳಸಿ:

ಸೆಲೆಕ್ಟ್ ದಿನ, ಮಳೆ, ಸಮ್(ಮಳೆ) ಓವರ್ (ಆರ್ಡರ್ ಬೈ ದಿನ) ಫ್ರಮ್ ಮಳೆಲೆಕ್ಕ;

ಮೈಎಸ್‌ಕ್ಯೂಎಲ್ 8.0, ಮರಿಯಾಡಿಬಿ 10.2ರಿಂದ ಇದು ಸಿಗುತ್ತದೆ. ಅದಕ್ಕಿಂತ ಹಳೆಯದು ಇದ್ದರೆ ಮೊದಲು ಅದನ್ನು ಬದಲಿಸಿ.

ಪೋಸ್ಟ್‌ಗ್ರೆಸ್ ಬಳಸುವವರಿಗೆ

ಅದು ಇನ್ನೊಂದು ಡೇಟಾಬೇಸ್. ಅಲ್ಲಿ @ ಇಲ್ಲ. ನಡುವೆ ಚುಕ್ಕೆ ಇರುವ ಹೆಸರು ಇಡಬೇಕು: ಸೆಟ್ ಮಂಡಿ.ಯಾರು = 'ಕೌಂಟರ್ 2'; ಓದಲು ಕರೆಂಟ್_ಸೆಟ್ಟಿಂಗ್('ಮಂಡಿ.ಯಾರು', ಟ್ರೂ). ಆ ಟ್ರೂ ಹಾಕದಿದ್ದರೆ, ಸೆಟ್ ಮಾಡದ ಹೆಸರಿಗೆ ಎರರ್ ಬರುತ್ತದೆ. ಪೂಲ್ ಇದ್ದರೆ ಬರೀ 'ಸೆಟ್' ಬೇಡ, 'ಸೆಟ್ ಲೋಕಲ್' ಬಳಸಿ. ಟ್ರಾನ್ಸಾಕ್ಷನ್ (ಒಟ್ಟಿಗೆ ನಡೆಯುವ ಕಮಾಂಡ್‌ಗಳ ಗುಂಪು) ಮುಗಿದ ಕೂಡಲೇ ಅದು ತಾನೇ ಅಳಿಯುತ್ತದೆ, ಮುಂದಿನವರಿಗೆ ದಾಟುವ ಭಯ ಇಲ್ಲ. ಟ್ರಾನ್ಸಾಕ್ಷನ್ ಶುರುಮಾಡುವ ಬಿಗಿನ್ ಹಾಕದೆ ಬರೆದರೆ ಮಾತ್ರ ಒಂದು ವಾರ್ನಿಂಗ್ ಕೊಟ್ಟು ಏನೂ ಆಗುವುದಿಲ್ಲ. ಇನ್ನೊಂದು ವಿಷಯ: ಒಮ್ಮೆ 'ಸೆಟ್ ಲೋಕಲ್' ಮಾಡಿ ಅಳಿದುಹೋದ ಮೇಲೆ ಅದೇ ಸೆಷನ್‌ನಲ್ಲಿ ಓದಿದರೆ ನಲ್ ಬರುವುದಿಲ್ಲ, ಖಾಲಿ ಅಕ್ಷರಮಾಲೆ ಬರುತ್ತದೆ. ಟ್ರಿಗರ್‌ನಲ್ಲಿ ನಲ್ ಇದೆಯಾ ಅಂತ ಮಾತ್ರ ನೋಡಿದರೆ ಹೆಸರಿಲ್ಲದ ದಾಖಲೆ ಸದ್ದಿಲ್ಲದೆ ಸೇರುತ್ತದೆ. ನಲ್ ಮತ್ತು ಖಾಲಿ, ಎರಡನ್ನೂ ನೋಡಿ.