ಭಾಷಣವಿಲ್ಲದ ಓಣಿ ಹಬ್ಬ

ಧಾರವಾಡದಲ್ಲಿ ಕಾರ್ಯಕ್ರಮಗಳಿಗೆ ಬರವಿಲ್ಲ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭಾಭವನದಲ್ಲಿ ಒಂದಿಲ್ಲೊಂದು ಸಮಾರಂಭ ಇದ್ದೇ ಇರುತ್ತದೆ. ಸೃಜನಾ ರಂಗಮಂದಿರದಲ್ಲಿ ನಾಟಕವೋ ಸಂಗೀತವೋ ನಡೆಯುತ್ತಿರುತ್ತದೆ. ಹೆಚ್ಚಿನವಕ್ಕೆ ಪ್ರವೇಶವೂ ಉಚಿತ. ಆದರೂ ನಮ್ಮ ಓಣಿಯಿಂದ ಅಲ್ಲಿಗೆ ಹೋಗುವವರು ಒಂದು ಆಟೋ ತುಂಬಿದರೆ ಹೆಚ್ಚು. ಸಂಜೆ ಏಳೆಂದರೆ ರೊಟ್ಟಿ ಬಡಿಯುವ ಹೊತ್ತು, ಮಕ್ಕಳು ಟ್ಯೂಷನ್‌ನಿಂದ ಬರುವ ಹೊತ್ತು. ಸೀರೆ ಬದಲಿಸಿ, ಆಟೋ ಹಿಡಿದು, ಗೊತ್ತಿಲ್ಲದ ಜನರ ನಡುವೆ ಕುಳಿತುಕೊಳ್ಳಲು ಯಾರಿಗೆ ಪುರುಸೊತ್ತು? ಹೀಗಾಗಿ ಹಾಡು, ಕುಣಿತ, ಕಸುಬುಗಳನ್ನೇ ಓಣಿಗೆ ತರೋಣವೆಂದು ನಾವು ಕೆಲವರು ಹೊರಟೆವು.

ಗುಡಿಯ ಕಟ್ಟೆಯ ಮೇಲೆ ಕುಳಿತು ಮೊದಲು ತೀರ್ಮಾನಿಸಿದ್ದು ಏನೇನು ಬೇಡ ಎಂಬುದನ್ನು. ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಮುಖ್ಯ ಅತಿಥಿಗಳ ನುಡಿ, ಅಧ್ಯಕ್ಷರ ನುಡಿ, ಸತ್ಕಾರ, ವಂದನಾರ್ಪಣೆ: ಇವೆಲ್ಲ ಮುಗಿಯುವ ಹೊತ್ತಿಗೆ ಪ್ರೇಕ್ಷಕರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಾರೆ. ನಮ್ಮೂರಿನಲ್ಲಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಎಂದು ಹೆಸರುಗಳನ್ನು ಜಪಿಸದೆ ಯಾವ ಭಾಷಣವೂ ಮುಂದೆ ಸಾಗುವುದಿಲ್ಲ. ಅಷ್ಟರಲ್ಲಿ ಹಾಡಬೇಕಾದ ಹುಡುಗಿಯ ತಂಬೂರಿಯ ಶ್ರುತಿ ಇಳಿದಿರುತ್ತದೆ. ಆದ್ದರಿಂದ ವೇದಿಕೆಯ ಮೇಲೆ ಕಲಾವಿದರಿಗಷ್ಟೇ ಜಾಗ ಎಂದು ನಿಯಮ ಮಾಡಿದೆವು. ಒಬ್ಬ ಮುಖಂಡರಿಗೆ ಇದು ಹಿಡಿಸಲಿಲ್ಲ. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಚಹಾ ಕೊಟ್ಟೆವು, ಮೈಕು ಕೊಡಲಿಲ್ಲ. ಕೊನೆಯವರೆಗೂ ಕುಳಿತಿದ್ದರು, ಪಾಪ.

ದಿನ ಗೊತ್ತು ಮಾಡುವುದು ಮೇಲಿಂದ ಕಾಣುವಷ್ಟು ಸುಲಭವಲ್ಲ. ಮಳೆಗಾಲ ಆಗದು. ಮಾರ್ಚ್ ಬಂದರೆ ಪರೀಕ್ಷೆ. ಸಂಕ್ರಾಂತಿ ಕಳೆದ ಮೇಲಿನ ದಿನಗಳು ಚೆನ್ನ. ಆದರೆ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ ಶುರುವಾಗುತ್ತದೆ, ಸುತ್ತಲಿನ ಹಳ್ಳಿಗಳ ಜಾತ್ರೆಗಳೂ ಸಾಲುಗಟ್ಟುತ್ತವೆ. ಒಳ್ಳೆಯ ಮೇಳಗಳು ಮೊದಲೇ ಎಲೆಅಡಿಕೆ ಹಿಡಿದಿರುತ್ತವೆ. ದೀಪಾವಳಿ ಮುಗಿದೊಡನೆ ಮೇಳದವರ ಊರಿಗೇ ಹೋಗಿ ಮಾತಾಡಿ ಬರುವುದು ಲೇಸು. ಮೊಬೈಲಿನಲ್ಲಿ ಆದ ಮಾತು ಜಾತ್ರೆ ಬಂದಾಗ ನಿಲ್ಲುವುದಿಲ್ಲ.

ಪರವಾನಿಗೆಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಒಪ್ಪಿಗೆ ಬೇಕು, ರಸ್ತೆಗೆ ಅಡ್ಡ ಪೆಂಡಾಲು ಹಾಕುವುದಾದರೆ ಮಹಾನಗರ ಪಾಲಿಕೆಯದೂ ಬೇಕು. ದೀಪಗಳಿಗೆ ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಬೇಕು. ಕಂಬಕ್ಕೆ ಕೊಕ್ಕೆ ಹಾಕುವ ಚಾಳಿಗೆ ಕೈ ಹಾಕಬೇಡಿ, ಪೆಂಡಾಲಿನ ಕೆಳಗೆ ಮಕ್ಕಳಿರುತ್ತಾರೆ. ಅರ್ಜಿಯ ನಕಲಿನ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಂಡೇ ಬನ್ನಿ.

ಇನ್ನು ರೊಕ್ಕದ ಮಾತು. ನೋಡುವವರಿಗೆ, ಕಲಿಯುವವರಿಗೆ ಎಲ್ಲವೂ ಉಚಿತ. ಹಾಗೆಂದು ಕಲಾವಿದರೂ ಪುಕ್ಕಟೆ ಬರಬೇಕೆಂದು ಬಯಸುವುದು ಅನ್ಯಾಯ. ಅನೇಕ ಸಮಾರಂಭಗಳಲ್ಲಿ ಶಾಸ್ತ್ರೀಯ ಗಾಯಕರಿಗೆ ಲಕೋಟೆ, ಜನಪದ ಕಲಾವಿದರಿಗೆ ಶಾಲು ಮತ್ತು ಹಣ್ಣಿನ ಬುಟ್ಟಿ ಸಿಗುವುದನ್ನು ನೋಡಿದ್ದೇನೆ. ಶಾಲು ಹೊದ್ದುಕೊಂಡು ಕ್ರೂಸರ್ ಬಾಡಿಗೆ ಕೊಡಲು ಬರುವುದಿಲ್ಲ. ನಾವು ತಲಾ ಇಷ್ಟು ಎಂದು ಎಲ್ಲರಿಗೂ ಒಂದೇ ಗೌರವಧನ ಇಟ್ಟೆವು. ಖಯಾಲ್ ಹಾಡುವವರಿಗೆ ಎಷ್ಟೋ ತಾಳ ಹಾಕುವವರಿಗೂ ಅಷ್ಟೇ. ಗಾಡಿ ಬಾಡಿಗೆ ಬೇರೆ. ಪಟ್ಟಿ ಎತ್ತುವಾಗ ಯಾವ ಮನೆಯಿಂದಲೂ 200 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ. ದೊಡ್ಡ ಮೊತ್ತ ಕೊಟ್ಟವರು ಆಮೇಲೆ ಬ್ಯಾನರಿನ ಮೇಲೆ ತಮ್ಮ ಫೋಟೊ ಕೇಳುತ್ತಾರೆ. ಕೂಡಿದ ಹಣದಲ್ಲಿ ಮೊದಲು ಗೌರವಧನವನ್ನು ಎತ್ತಿಟ್ಟು, ಉಳಿದದ್ದರಲ್ಲಿ ಪೆಂಡಾಲು ಎಷ್ಟು ದೊಡ್ಡದು, ಲೈಟು ಎಷ್ಟು ಎಂದು ನೋಡಿದೆವು. ಪೆಂಡಾಲು ಚಿಕ್ಕದಾಯಿತು, ಜನ ಮಾಳಿಗೆ ಹತ್ತಿ ನೋಡಿದರು. ಜಮಾ ಖರ್ಚಿನ ಹಾಳೆಯನ್ನು ಕಿರಾಣಿ ಅಂಗಡಿಯ ಬಾಗಿಲಿಗೆ ಅಂಟಿಸಿದ್ದರಿಂದ ಕಟ್ಟೆಯ ಮೇಲಿನ ಅರ್ಧ ಹರಟೆಗೆ ವಿಷಯವೇ ಇಲ್ಲವಾಯಿತು.

ಕಾರ್ಯಾಗಾರಗಳಿಗೆ ಹೆಸರು ಬರೆಸಲು ಅದೇ ಅಂಗಡಿಯಲ್ಲಿ ಒಂದು ನೋಟ್‌ಬುಕ್ಕು ಇಟ್ಟಿದ್ದೆವು. ಎಣ್ಣೆ, ಬೇಳೆ ಒಯ್ಯಲು ಬಂದವರೆಲ್ಲ ಅದನ್ನು ನೋಡುತ್ತಿದ್ದರು. ಕುಂಬಾರರ ಬಳಿ ಮಣ್ಣಿನ ಎತ್ತು ಮಾಡಲು ಮಕ್ಕಳ ನೂಕುನುಗ್ಗಲು. ಅದರ ಬಗ್ಗೆ ಹೆಚ್ಚು ಹೇಳುವುದೇ ಬೇಡ, ಮಣ್ಣು ಕಂಡರೆ ಮಕ್ಕಳು ಬಿಡುತ್ತಾರೆಯೇ? ನನಗೆ ಅಚ್ಚರಿ ತಂದದ್ದು ಕಸೂತಿ. ಕಲಿಸಲು ಹೊರಗಿನವರನ್ನು ಕರೆಯಲಿಲ್ಲ. ನಮ್ಮ ಓಣಿಯಲ್ಲೇ ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುತ್ತಲೇ ಮುದುಕಿಯರಾದವರಿದ್ದಾರೆ. ಕಲಿಯುವವರಿಗೆ ಸೀರೆಯ ಸಣ್ಣ ಎಳೆ ಕಾಣುವುದಿಲ್ಲವೆಂದು ದಪ್ಪ ನೇಯ್ಗೆಯ, ಎಳೆ ಎಣಿಸಲು ಬರುವ ಬಟ್ಟೆ ತಂದೆವು.

ಗವಂತಿ, ಮುರಗಿ, ನೇಗಿ, ಮೆಂತೆ: ಕಸೂತಿಯ ಹೊಲಿಗೆಗಳು ಈ ನಾಲ್ಕು. ಆ ಮುದುಕಿಯರಲ್ಲೊಬ್ಬ ಅಜ್ಜಿ ಕಲಿಸಿದ್ದು ಗವಂತಿಯನ್ನು. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಎಳೆಯುವಂತಿಲ್ಲ, ದಾರದ ತುದಿಗೆ ಗಂಟು ಹಾಕುವಂತಿಲ್ಲ. ಎಳೆ ಎಣಿಸುತ್ತ ಹೋಗಬೇಕು. ಹೋಗುವಾಗ ನಡುನಡುವೆ ಬಿಟ್ಟ ಜಾಗವನ್ನು ಮರಳಿ ಬರುವಾಗ ತುಂಬಬೇಕು. ಆಗ ಬಟ್ಟೆಯ ಹಿಂದೆಯೂ ಮುಂದೆಯೂ ಒಂದೇ ಚಿತ್ತಾರ ಮೂಡುತ್ತದೆ. ಎಂಟನೆಯ ತರಗತಿಯ ಹುಡುಗನೊಬ್ಬ ತುಳಸಿಕಟ್ಟೆ ಹಾಕಲು ಹೊರಟ. ಎಲ್ಲೋ ಒಂದು ಎಳೆ ಹೆಚ್ಚು ಎಣಿಸಿದ್ದ. ಸುತ್ತಿ ಬಂದ ಗೆರೆ ಹೊರಟ ಜಾಗಕ್ಕೆ ಕೂಡಲೇ ಇಲ್ಲ. ಕೊನೆಯಲ್ಲೊಂದು ಹೊಲಿಗೆ ಎಳೆದು ಮುಚ್ಚಿಬಿಡಲು ನೋಡಿದ. ಅಜ್ಜಿ ಕನ್ನಡಕ ಮೇಲೇರಿಸಿ ಬಟ್ಟೆಯನ್ನು ಹಿಂದುಮುಂದು ತಿರುವಿದರು.

"ಬಿಚ್ಚಪ್ಪಾ. ಮೊದಲಿನಿಂದ ಎಣಿಸು."

"ಅಜ್ಜಿ, ಒಂದೇ ಎಳೆ!"

"ಒಂದೇ ಎಳೆ ಎಂದೇ ಬಿಚ್ಚು ಅಂದೆ. ಹತ್ತು ಎಳೆಯಾಗಿದ್ದರೆ ಬಟ್ಟೆಯನ್ನೇ ಒಗೆದುಬಿಡು ಅನ್ನುತ್ತಿದ್ದೆ."

ಆತ ಬಿಚ್ಚಿದ. ಸಂಜೆಯ ಹೊತ್ತಿಗೆ ಕಟ್ಟೆ ಕೂಡಿತು, ತುಳಸಿ ಏರಲಿಲ್ಲ. ಗೌರವಧನ ಕೊಡಲು ಹೋದಾಗ ಅಜ್ಜಿ, "ಓಣಿಯವರಿಗೆ ಕಲಿಸಿದ್ದಕ್ಕೆ ರೊಕ್ಕ ತೆಗೆದುಕೊಳ್ಳಲೇ?" ಎಂದರು. ಎಲ್ಲರಿಗೂ ಒಂದೇ ನಿಯಮವೆಂದು ಹೇಳಿ ಕೈಯಲ್ಲಿಟ್ಟೆವು.

ಕಾರ್ಯಾಗಾರಗಳಿಂದ ಆದ ದೊಡ್ಡ ಲಾಭವೆಂದರೆ ಸಂಜೆಯ ಪ್ರೇಕ್ಷಕರು. ಹಗಲು ಅಲ್ಲಿ ಕುಳಿತು ಕಲಿತ ಮಕ್ಕಳು ಸಂಜೆ ಅವ್ವ, ಅಪ್ಪ, ಆಯಿಯರ ಕೈ ಹಿಡಿದು ಎಳೆದುಕೊಂಡು ಬಂದರು. ಕರಪತ್ರ ಹಂಚುವ ಖರ್ಚು ಮುಂದೆ ಮಾಡುವುದಿಲ್ಲ. ಉಳಿದವರನ್ನು ಕರಡಿ ಮಜಲಿನವರು ಕರೆತಂದರು. ಕರಡಿ ಎಂಬ ಚರ್ಮವಾದ್ಯ, ಶಹನಾಯಿ, ತಾಳ ಹಿಡಿದು ಓಣಿ ಸುತ್ತಿದರೆ ಮನೆಯಲ್ಲಿ ಕುಳಿತಿರಲು ಯಾರಿಂದ ಸಾಧ್ಯ? ಅದಕ್ಕೆ ಮೈಕೂ ಬೇಡ. ಹಿಂದೂಸ್ತಾನಿ ಗಾಯನವನ್ನು ಮುಂಜಾನೆ ಒಂದು ಹಳೆಯ ಮನೆಯ ಪಡಸಾಲೆಯಲ್ಲಿ ಇಟ್ಟೆವು. ಅಲ್ಲಿಯೂ ಮೈಕಿಲ್ಲ. ನಡುವೆ ಪಕ್ಕದ ಮನೆಯ ಕುಕ್ಕರು ಕೂಗಿದಾಗ ತಬಲಾದವರು ನಕ್ಕರು, ಹಾಡು ನಿಲ್ಲಲಿಲ್ಲ.

ತೊಡಕಾದದ್ದು ಗೀಗೀ ಪದದಲ್ಲಿ. ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಸವಾಲು ಜವಾಬು ಹಾಡುವುದು ಬೆಳಗಾಗುವತನಕ ನಡೆಯುವ ಪಂದ್ಯ. ಧ್ವನಿವರ್ಧಕಕ್ಕೆ ರಾತ್ರಿ ಹತ್ತರ ಗಡಿ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳಿಂದ ಬಂದದ್ದು. "ಸವಾಲು ಹಾಕಿ ಜವಾಬು ಕೇಳದೆ ಏಳುವುದು ಹೇಗೆ?" ಎಂದು ಮೇಳದ ಹಿರಿಯರು ಕೇಳಿದರು. ಸರಿಯಾದ ಪ್ರಶ್ನೆಯೇ. ಹತ್ತಕ್ಕೆ ಮೈಕು ಆರಿಸಿ, ಗುಡಿಯ ಒಳಗೆ ದಪ್ಪು ತುಂತುಣಿ ಮೆಲ್ಲಗೆ ನುಡಿಸಿಕೊಂಡು ಆ ಒಂದು ಸವಾಲನ್ನಾದರೂ ಮುಗಿಸಿದರು. ಜನ ಒತ್ತೊತ್ತಿ ಕುಳಿತು ಕೇಳಿದರು. ನಾಗೇಶಿಯೇ ಗೆದ್ದಳೆಂದು ಹೆಂಗಸರ ತೀರ್ಪು. ಗಂಡಸರು ಇನ್ನೂ ಒಪ್ಪಿಲ್ಲ.

ಊಟಕ್ಕೆ ಅಡುಗೆಯವರನ್ನು ಕರೆಸಲಿಲ್ಲ. ಮನೆಗೆ ಐದು ಕಟಕ ರೊಟ್ಟಿ ಎಂದು ಕೇಳಿದೆವು. ಬದನೆಕಾಯಿ ಎಣ್ಣೆಗಾಯಿ ಮತ್ತು ಶೇಂಗಾ ಚಟ್ನಿ ಕೇಳದೆಯೇ ಬಂದವು. ಕಲಾವಿದರಿಗೆ ಊಟ ಬಡಿಸುವಾಗಲೇ ಗೌರವಧನವನ್ನೂ ಕೊಟ್ಟು ಮುಗಿಸಿದೆವು.

ಮುಂದಿನ ವರ್ಷಕ್ಕೆ ಓಣಿಯ ಹುಡುಗರು ಡಿಜೆ ಬೇಕೆನ್ನುತ್ತಿದ್ದಾರೆ. ಹುಬ್ಬಳ್ಳಿಯವರು ಹೋಳಿಗೆ ಬಾರಿಸುವ ಜಗ್ಗಲಿಗೆಯನ್ನು ತರೋಣ, ನೀವೇ ಕಲಿತು ಬಾರಿಸಿ ಎಂದು ನಾನು ಹೇಳಿದ್ದೇನೆ. ಕೂಸಿರುವ ಮನೆಯವರು ಎರಡಕ್ಕೂ ತಕರಾರು ತೆಗೆದಿದ್ದಾರೆ. ದೀಪಾವಳಿಯ ಒಳಗೆ ಕಟ್ಟೆಯ ಮೇಲೆ ಇದು ಬಗೆಹರಿಯಬೇಕು.